ಮಗನ ಸಾಲಕ್ಕೆ ತಂದೆಯ ಸಹಿ

ದಿನಪತ್ರಿಕೆಯ ಒಳಪುಟಗಳಲ್ಲಿ, ಹೆಸರು ಬದಲಾವಣೆಯ ಪ್ರಮಾಣಪತ್ರಗಳಿಗೂ ಕಳೆದುಹೋದ ಕ್ರಯಪತ್ರಗಳ ತಿಳಿವಳಿಕೆಗಳಿಗೂ ನಡುವೆ, ಅಂಗೈಯ ಕಾಲುಭಾಗದಷ್ಟು ಸ್ಥಳದಲ್ಲಿ ಆಗಾಗ ಅಚ್ಚಾಗುವ ಒಂದು ಬಗೆಯ ನೋಟೀಸನ್ನು ಓದುಗರು ಕಂಡಿರಬಹುದು. ಇಂಥ ಊರಿನ ಇಂಥವನಾದ ನಾನು ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ನನ್ನ ಮಗನಾದ ಇಂಥವನು ನನ್ನ ಮಾತನ್ನು ಮೀರಿ ನಡೆಯುತ್ತಿರುವುದರಿಂದ ಅವನಿಗೂ ನನಗೂ ನನ್ನ ಸ್ವತ್ತಿಗೂ ಯಾವ ಸಂಬಂಧವೂ ಇರುವುದಿಲ್ಲ, ಅವನೊಡನೆ ವ್ಯವಹರಿಸುವವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ವ್ಯವಹರಿಸತಕ್ಕದ್ದು ಎಂದು ವಕೀಲರ ಒಕ್ಕಣೆಯಲ್ಲಿ ಬರೆದ ನಾಲ್ಕು ಸಾಲುಗಳವು. ಒಮ್ಮೊಮ್ಮೆ ಮಗನ ಭಾವಚಿತ್ರವೂ ಇರುವುದುಂಟು. ಬಹುಶಃ ಕಾಲೇಜಿಗೆ ಅರ್ಜಿ ಹಾಕುವಾಗ ತೆಗೆಸಿದ್ದು.

ಆ ನಾಲ್ಕು ಸಾಲುಗಳ ಹಿಂದೆ ಹಲವು ವರ್ಷಗಳ ಗೃಹಚರಿತ್ರೆ ಅಡಗಿರುತ್ತದೆ. ಮೊದಲು ಕೈಸಾಲ, ಅನಂತರ ಅವಧಿಗೆ ಮುನ್ನವೇ ಎತ್ತಿದ ಚೀಟಿಯ ಹಣ, ಅದಾದ ಮೇಲೆ ಗಿರವಿಯಂಗಡಿಗೆ ಹೋದ ತಾಯಿಯ ಬಳೆ, ಮೊಬೈಲಿನ ಸಾಲದ ಆ್ಯಪುಗಳವರು ನೆಂಟರಿಷ್ಟರಿಗೆಲ್ಲ ಕಳುಹಿಸಿದ ಅವಾಚ್ಯ ಸಂದೇಶಗಳು, ಠಾಣೆಯಿಂದ ಬಿಡಿಸಿಕೊಂಡು ಬಂದ ರಾತ್ರಿ. ಇವುಗಳಲ್ಲಿ ಪ್ರತಿಯೊಂದರ ಕೊನೆಗೂ ‘ಇದೊಂದು ಸಲ’ ಎಂಬ ಮಾತು, ಕೇಳುವ ಮಗನ ಬಾಯಲ್ಲಿಯೂ ಕೊಡುವ ತಂದೆಯ ಬಾಯಲ್ಲಿಯೂ. ಹೀಗೆ ವರ್ಷಾನುಗಟ್ಟಲೆ ಏನೊಂದನ್ನೂ ನಿರಾಕರಿಸದೆ ಇದ್ದವರು ಒಂದು ಬೆಳಗ್ಗೆ ಸರ್ವಸ್ವವನ್ನೂ ನಿರಾಕರಿಸುವ ನಿಶ್ಚಯದಿಂದ ಪತ್ರಿಕಾ ಕಚೇರಿಯ ಮೆಟ್ಟಲೇರುತ್ತಾರೆ. ಕೇಳಿದ್ದನ್ನೆಲ್ಲ ಕೊಡುವುದಕ್ಕೂ ಕರುಳ ಸಂಬಂಧವನ್ನೇ ಕಡಿದುಕೊಳ್ಳುವುದಕ್ಕೂ ನಡುವೆ ವಿಶಾಲವಾದ ಪ್ರದೇಶವೊಂದಿದೆ. ವಯಸ್ಸಿಗೆ ಬಂದೂ ದಾರಿಗೆ ಬಾರದ ಮಕ್ಕಳುಳ್ಳ ತಂದೆತಾಯಿಗಳು ನೆಲೆಸಬೇಕಾದದ್ದು ಅಲ್ಲಿ. ನಮ್ಮ ಕುಟುಂಬಗಳು ಹೆಚ್ಚಾಗಿ ಅದನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತವೆ.

ನೋಟೀಸಿನ ಬಲವಾದರೂ ಎಷ್ಟು? ಶಾಸನದ ದೃಷ್ಟಿಯಿಂದ ಅತ್ಯಲ್ಪ. ತಂದೆಯು ತಾನು ದುಡಿದು ಸಂಪಾದಿಸಿದ ಸ್ವತ್ತನ್ನು ಯಾರಿಗೆ ಕೊಡಬೇಕೆಂಬುದು ಹೇಗೂ ಅವನ ಇಚ್ಛೆಗೆ ಸೇರಿದ್ದು. ತನ್ನ ಕಾಲಾನಂತರ ಅದು ಮಗನ ಪಾಲಾಗಕೂಡದೆಂದಿದ್ದರೆ ಅವನು ಬರೆಯಬೇಕಾದದ್ದು ಉಯಿಲನ್ನು. ಪಿತ್ರಾರ್ಜಿತವಾದ ಅವಿಭಕ್ತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಬಂದ ಪಾಲನ್ನು ಯಾವ ಪತ್ರಿಕೆಯ ಯಾವ ಪ್ರಕಟಣೆಯೂ ಅಳಿಸಲಾರದು. ಹೀಗಾಗಿ ನೋಟೀಸಿನಿಂದ ಸಿದ್ಧಿಸುವುದು ಊರಿಗೆಲ್ಲ ತಿಳಿದಿದ್ದ ಅವಮಾನವು ಅಚ್ಚಿನಲ್ಲಿ ಸ್ಥಿರಗೊಳ್ಳುವುದು ಮಾತ್ರ.

ಈ ಜಾತಿಯ ಪ್ರಕಟಣೆಗಳಲ್ಲಿ ಅತ್ಯಂತ ಪ್ರಸಿದ್ಧವೆನ್ನಬಹುದಾದ ಒಂದು, ಮತ್ತು ನನ್ನ ಅಭಿಪ್ರಾಯದಲ್ಲಿ ಅತ್ಯಂತ ವಿವೇಕಯುತವಾದ ಒಂದು, 1925ರ ಜೂನ್ 18ರ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬಂದಿತು. ಬರೆದವರು ಮಹಾತ್ಮಾ ಗಾಂಧಿಯವರು. ವಿಷಯ, ಅವರ ಜ್ಯೇಷ್ಠಪುತ್ರ ಹರಿಲಾಲ. ಲಾಯಲ್‌ಪುರದ ಮುಸಲ್ಮಾನ ಗೃಹಸ್ಥರೊಬ್ಬರು, ಮಹಾತ್ಮರ ಮಗನು ನಿರ್ದೇಶಕನಾಗಿರುವನೆಂಬ ಭರವಸೆಯಿಂದ ಕಲ್ಕತ್ತೆಯ ಕಂಪನಿಯೊಂದರಲ್ಲಿ ಹಣ ತೊಡಗಿಸಿ, ಬರೆದ ಪತ್ರಗಳಿಗೆ ಉತ್ತರ ಕಾಣದೆ, ವಕೀಲರ ಮೂಲಕ ತಂದೆಯನ್ನೇ ವಿಚಾರಿಸಿದ್ದರು. ಗಾಂಧೀಜಿ ಆ ಪತ್ರವನ್ನೂ ತಮ್ಮ ಉತ್ತರವನ್ನೂ ಒಟ್ಟಿಗೆ ಅಚ್ಚುಹಾಕಿಸಿದರು. ಹರಿಲಾಲನು ತಮ್ಮ ಮಗನೆಂಬುದನ್ನು ಒಪ್ಪಿಕೊಂಡರು. ಅವನು ಮೂವತ್ತಾರು ದಾಟಿದವನು, ನಾಲ್ಕು ಮಕ್ಕಳ ತಂದೆ, ತಮ್ಮಿಬ್ಬರ ಆದರ್ಶಗಳು ಬೇರೆಯಾದುದರಿಂದ ಪ್ರತ್ಯೇಕವಾಗಿ ಬಾಳುತ್ತಿರುವನು, 1915ರಿಂದೀಚೆಗೆ ತಮ್ಮಿಂದ ಅವನಿಗೆ ಯಾವ ದ್ರವ್ಯಸಹಾಯವೂ ಇಲ್ಲ, ಆ ಕಂಪನಿಯ ವ್ಯವಹಾರವನ್ನು ತಾವು ಅರಿಯರು ಎಂದು ಬರೆದರು. ಹದಿನಾರು ತುಂಬಿದ ಮಕ್ಕಳನ್ನು ಮಿತ್ರರಂತೆ ಕಾಣುವುದು ತಮ್ಮ ನಿಯಮವೆಂದೂ ಹೇಳಿದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಅದೂ ಒಂದು ನೋಟೀಸಾಗುತ್ತಿತ್ತು. ಆದರೆ ಅವರು ಮುಂದುವರಿದು, ಅವನ ನಡತೆಯಲ್ಲಿ ತಮಗೆ ಒಪ್ಪಿಗೆಯಿಲ್ಲದ್ದು ಬಹಳವಿದೆ, ಅದು ಅವನಿಗೂ ಗೊತ್ತು, ಆ ದೋಷಗಳೊಡನೆಯೇ ತಾವು ಅವನನ್ನು ಪ್ರೀತಿಸುವುದುಂಟು, ಅವನು ಬಯಸಿದ ಕ್ಷಣ ತಂದೆಯ ಎದೆಯಲ್ಲಿ ಅವನಿಗೆ ಜಾಗವಿದೆ ಎಂಬರ್ಥದ ಮಾತುಗಳನ್ನು ಸೇರಿಸಿದರು.

ಆ ಬರಹದಲ್ಲಿ ಮೂರು ಸಂಗತಿಗಳು ಒಂದಕ್ಕೊಂದು ಅಡ್ಡಬಾರದೆ ನಿಂತಿರುವುದನ್ನು ಗಮನಿಸಬೇಕು: ಹಣವಿಲ್ಲ, ಸುಳ್ಳಿಲ್ಲ, ಬಾಗಿಲಿಗೆ ಅಗುಳಿಯಿಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ವಿಪರ್ಯಾಸ. ಹಣ ಹೋಗುತ್ತಲೇ ಇರುತ್ತದೆ, ಊರಿಗೆ ಹೇಳುವ ಸುಳ್ಳು ಬೆಳೆಯುತ್ತಲೇ ಇರುತ್ತದೆ, ಪ್ರೀತಿಯ ಮಾತು ಮಾತ್ರ ಎಂದೋ ನಿಂತುಹೋಗಿರುತ್ತದೆ.

ಹಾಗೆಂದು ಗಾಂಧೀಜಿಯವರ ಪಿತೃತ್ವವನ್ನು ಮಾದರಿಯೆಂದು ಎತ್ತಿಹಿಡಿಯುವುದು ನನ್ನ ಉದ್ದೇಶವಲ್ಲ. 1888ರಲ್ಲಿ ಹುಟ್ಟಿದ ಹರಿಲಾಲನು ದಕ್ಷಿಣ ಆಫ್ರಿಕದ ಸತ್ಯಾಗ್ರಹದಲ್ಲಿ ಆರು ಸಲ ಸೆರೆಮನೆ ಕಂಡು, ಜನರಿಂದ ಕಿರಿಯ ಗಾಂಧಿಯೆಂದು ಕರೆಸಿಕೊಂಡವನು. ಇಂಗ್ಲೆಂಡಿಗೆ ಹೋಗಿ ತಂದೆಯಂತೆ ಬ್ಯಾರಿಸ್ಟರ್ ಆಗಬೇಕೆಂಬುದು ಅವನ ಹಂಬಲವಾಗಿತ್ತು. ಮಿತ್ರರಾದ ಪ್ರಾಣಜೀವನ ಮೆಹತಾ ಕೊಡಮಾಡಿದ ವಿದ್ಯಾರ್ಥಿವೇತನವನ್ನು ಗಾಂಧೀಜಿ ಮಗನಿಗೆ ಕೊಡದೆ ಬೇರೊಬ್ಬರಿಗೆ ಕೊಟ್ಟರು. 1911ರಲ್ಲಿ ಮಗ ಮನೆಬಿಟ್ಟ. 1918ರಲ್ಲಿ ಅವನ ಹೆಂಡತಿ ತೀರಿಕೊಂಡ ಮೇಲೆ ವ್ಯಾಪಾರದ ನಷ್ಟ, ಸಾಲ, ಮದ್ಯ ಇವುಗಳ ಸುಳಿಯೊಳಗೆ ಅವನು ಇಳಿದುಹೋದ. ತಮ್ಮ ಮಕ್ಕಳಿಗೆ ವಿದ್ಯಾಭ್ಯಾಸದ ವಿಷಯದಲ್ಲಿ ತಮ್ಮ ಮೇಲೆ ದೂರಲು ಕಾರಣವಿದೆಯೆಂದು ಗಾಂಧೀಜಿ ಆತ್ಮಕಥೆಯಲ್ಲಿಯೇ ಒಪ್ಪಿಕೊಂಡಿದ್ದಾರೆ. ಹಿರಿಯ ಮಗನ ದೋಷಗಳಲ್ಲಿ ತಮ್ಮ ಯೌವನದ ಅಸಂಯಮದ ಪ್ರತಿಧ್ವನಿಯನ್ನು ಕೇಳಿದ್ದಾರೆ.

ಇಲ್ಲಿಯೇ ಹೆಚ್ಚಿನ ತಂದೆತಾಯಿಗಳ ಕಾಲು ಜಾರುವುದು. ಮಗನ ಪತನದಲ್ಲಿ ತಮ್ಮ ಪಾಲೂ ಇದೆಯೆಂಬ ಸಂಶಯ, ಅದು ನಿಜವಿರಲಿ ಸುಳ್ಳಿರಲಿ, ಅವರನ್ನು ರಾತ್ರಿಯೆಲ್ಲ ಕಾಡುತ್ತದೆ. ಚಿಕ್ಕಂದಿನಲ್ಲಿ ಅಜ್ಜಿಯ ಮನೆಯಲ್ಲಿ ಬಿಟ್ಟೆವು, ಬೇಡವೆಂದರೂ ಸೈನ್ಸಿಗೆ ಸೇರಿಸಿದೆವು, ತಮ್ಮನೊಡನೆ ಹೋಲಿಸಿ ಹಂಗಿಸಿದೆವು ಎಂದೆಲ್ಲ ಲೆಕ್ಕಹಾಕಿ, ಆ ಹಳೆಯ ಬಾಕಿಯನ್ನು ಈಗ ನಗದಾಗಿ ತೀರಿಸಲು ಹೊರಡುತ್ತಾರೆ. ಮಗನೂ ಅದನ್ನು ಬಲ್ಲ. ಹಣ ಕೇಳುವ ಮುನ್ನ ಆ ಹಳೆಯ ಪುಟವನ್ನು ತೆರೆದಿಡುತ್ತಾನೆ. ಅನ್ಯಾಯವಾಗಿದ್ದರೆ ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು, ಒಮ್ಮೆ, ಸ್ಪಷ್ಟವಾಗಿ, ಬೇರೆ ಯಾವ ವ್ಯವಹಾರವನ್ನೂ ಅದರೊಡನೆ ಬೆರೆಸದೆ. ಇಸ್ಪೀಟಿನ ಸಾಲವನ್ನು ತೀರಿಸಿದ ಮಾತ್ರಕ್ಕೆ ಇಪ್ಪತ್ತು ವರ್ಷದ ಹಿಂದಿನ ಅನ್ಯಾಯವು ಪರಿಹಾರವಾಗದು.

ಹರಿಲಾಲನಿಗೂ ತಾಯಿಗೂ ಇದ್ದ ಬಾಂಧವ್ಯದ ಒಂದು ಪ್ರಸಂಗವನ್ನು ಗಾಂಧಿ ಚರಿತ್ರಕಾರರು ಮತ್ತೆ ಮತ್ತೆ ಹೇಳುತ್ತಾರೆ. ಗಾಂಧೀಜಿಯೂ ಕಸ್ತೂರ್‌ಬಾ ಅವರೂ ಪ್ರಯಾಣ ಮಾಡುತ್ತಿದ್ದ ರೈಲು ಕಟನಿಯ ನಿಲ್ದಾಣದಲ್ಲಿ ನಿಂತಾಗ, ಮಹಾತ್ಮರ ಜಯಘೋಷದ ನಡುವೆ, ಮಾತಾ ಕಸ್ತೂರ್‌ಬಾಗೆ ಜಯವಾಗಲಿ ಎಂಬ ಒಂಟಿ ಧ್ವನಿ ಕೇಳಿಬಂತಂತೆ. ಹರಿದ ಬಟ್ಟೆಯ, ಸೊರಗಿದ ಮುಖದ ಹರಿಲಾಲ ಗಾಡಿಯ ಬಳಿಗೆ ಬಂದು ಜೇಬಿನಿಂದ ಒಂದು ಕಿತ್ತಳೆಯನ್ನು ತೆಗೆದು ತಾಯಿಗೆ ಕೊಟ್ಟ. ನನಗೇನೂ ಇಲ್ಲವೇ ಎಂದು ತಂದೆ ಕೇಳಿದರೆ, ಇಲ್ಲ, ಇದು ಬಾಗೆ ಮಾತ್ರ, ನಿಮ್ಮ ಹಿರಿಮೆಯೆಲ್ಲ ಅವಳದೇ ಎಂದ. ತಾಯಿ ಜೊತೆಗೆ ಬರಲು ಕರೆದಳು; ಅವನು ಒಲ್ಲೆನೆಂದ. ಗಾಡಿ ಹೊರಟ ಮೇಲೆ, ತನ್ನ ಬುಟ್ಟಿಯಲ್ಲಿದ್ದ ಹಣ್ಣನ್ನು ಅವನಿಗೆ ಕೊಡಲು ಮರೆತೆನಲ್ಲ ಎಂದು ಅವಳಿಗೆ ನೆನಪಾಯಿತು. ಈ ಪ್ರಸಂಗದಲ್ಲಿ ಹಣದ ಪ್ರಸ್ತಾಪವೇ ಇಲ್ಲ. ಹಣದ ಮಾತು ತೀರ್ಮಾನವಾಗಿಹೋದಲ್ಲಿ ಕಿತ್ತಳೆಗೆ ಅವಕಾಶವಿರುತ್ತದೆ. ಅದು ತೀರ್ಮಾನವಾಗದ ಮನೆಯಲ್ಲಿ ಮಗ ಹಣ್ಣು ತಂದರೂ ತಾಯಿಗೆ ಇದರ ಹಿಂದೆ ಯಾವ ಬೇಡಿಕೆಯಿದೆಯೋ ಎಂಬ ಅಳುಕು.

ಹೆತ್ತವರು ಮಕ್ಕಳ ಸಾಲ ತೀರಿಸದಿರುವುದು ಪಾಶ್ಚಾತ್ಯರ ಪದ್ಧತಿ, ನಮ್ಮ ಸಂಸ್ಕೃತಿಗೆ ಒಗ್ಗದ್ದು ಎಂದು ಹೇಳುವವರುಂಟು. ಅವರು ತಮ್ಮ ಸಂಸ್ಕೃತಿಯ ಗ್ರಂಥಗಳನ್ನು ತೆರೆದು ನೋಡಿಲ್ಲ. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಬಂಗಾಳ ಮೊದಲಾದ ಕೆಲವು ಕಡೆಗಳನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ನ್ಯಾಯಪದ್ಧತಿ ಶತಮಾನಗಳ ಕಾಲ ಅದನ್ನೇ ಆಧರಿಸಿತ್ತು. ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮತಃ ಹಕ್ಕೆಂದು ಹೇಳಿದ ಗ್ರಂಥವೇ ಅದು. ಅದು ವ್ಯಾಖ್ಯಾನಿಸುವ ಸ್ಮೃತಿಯಲ್ಲಿ, ತಂದೆಯ ಸಾಲವನ್ನು ಮಗನು ತೀರಿಸಬೇಕೆಂಬ ವಿಧಿಯಿದೆ. ಕುಡಿತ, ಕಾಮ, ಜೂಜುಗಳಿಗಾಗಿ ಮಾಡಿದ್ದಾದರೆ ಅದನ್ನೂ ತೀರಿಸಬೇಕಾಗಿಲ್ಲವೆಂಬ ವಿನಾಯಿತಿಯಿದೆ. ಮತ್ತು, ನಮಗೆ ಪ್ರಕೃತವಾದ ವಿಷಯ, ಮಗನು ಮಾಡಿದ ಸಾಲವನ್ನು ತಂದೆ ತೀರಿಸಬೇಕಾಗಿಲ್ಲ, ಗಂಡನ ಅಥವಾ ಮಗನ ಸಾಲವನ್ನು ಸ್ತ್ರೀಯು ತೀರಿಸಬೇಕಾಗಿಲ್ಲ, ಕುಟುಂಬದ ಅಗತ್ಯಕ್ಕಾಗಿ ಮಾಡಿದ್ದರ ಹೊರತು, ಎಂಬ ನಿರ್ದೇಶವೂ ಇದೆ. ಸಾಲವು ತಲೆಮಾರಿನಿಂದ ತಲೆಮಾರಿಗೆ ಕೆಳಗಿಳಿಯಬಹುದು, ಮೇಲಕ್ಕೇರಲಾರದು ಎಂಬುದು ಕಲ್ಯಾಣದ ಪಂಡಿತನಿಗೆ ಅಷ್ಟು ಸಹಜವಾದ ಮಾತಾಗಿತ್ತು. ಮಗನು ತಂದೆಯ ಋಣ ತೀರಿಸುವ ಆ ಧಾರ್ಮಿಕ ಹೊಣೆಯನ್ನು ಕೂಡ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮುಂದಿನ ಸಾಲಗಳ ಮಟ್ಟಿಗೆ ಕೊನೆಗಾಣಿಸಿತು.

ಮಗನ ಸಾಲ ತಂದೆಯ ಹೊಣೆಯಲ್ಲವೆಂಬುದಕ್ಕೆ ಒಂದೇ ಒಂದು ದೊಡ್ಡ ಅಪವಾದ, ಸಹಿ. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಮಗನ ಸಾಲಕ್ಕೆ ಜಾಮೀನುದಾರನಾಗಿ ತಂದೆ ರುಜು ಮಾಡಿದ್ದರೆ, 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಉಂಟು. ಸಹಿ ಮಾಡದವನ ಮನೆಗೆ ಬಂದು, ನಿಮ್ಮ ಮಗನ ಬಾಕಿಯನ್ನು ನೀವು ಕಟ್ಟಿ ಎಂದು ಗದರಿಸುವ ವಸೂಲಿಗಾರರಿಗೆ ಯಾವ ಅಧಿಕಾರವೂ ಇಲ್ಲ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಸಾಲಗಾರನಿಗೇ ವಸೂಲಿಯ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ತನ್ನ ಅಧೀನದ ಸಂಸ್ಥೆಗಳಿಗೆ ಆದೇಶಿಸಿದೆ. ಕಿರುಸಾಲಗಳ ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಿತು. ಮನೆಯ ಮುಂದೆ ನಿಂತು ಕೂಗಾಡುವವನಿಗೆ ಹೆದರಿ ಪಿಂಚಣಿಯ ಹಣ ಎಣಿಸಿಕೊಡುವ ವೃದ್ಧರು ಇಷ್ಟನ್ನಾದರೂ ತಿಳಿದಿರುವುದು ಒಳ್ಳೆಯದು.

ಇನ್ನು ಮನೆಯೊಳಗಿನ ವ್ಯವಹಾರ. ಜಿಲ್ಲಾಕೇಂದ್ರವೊಂದರ ಹಳೆಯ ಬಡಾವಣೆಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಯಜಮಾನರು ಪ್ರೌಢಶಾಲೆಯ ಉಪಾಧ್ಯಾಯರಾಗಿ ನಿವೃತ್ತರಾದವರು. ಮೂವತ್ತೆರಡರ ಮಗನು ಬೆಂಗಳೂರಿನಲ್ಲಿ ಎರಡು ಕೆಲಸ ಹಿಡಿದು ಎರಡನ್ನೂ ಬಿಟ್ಟು, ಮೊಬೈಲಿನಲ್ಲಿ ರಮ್ಮಿಯಾಡಿ, ಕ್ರಿಕೆಟ್ ಬೆಟ್ಟಿಂಗಿನಲ್ಲಿ ಕಳೆದು, ಈಗ ಕುಡಿತವನ್ನೂ ಹತ್ತಿಸಿಕೊಂಡು ಹೆತ್ತವರ ಬಳಿ ಬಂದಿದ್ದಾನೆ. ಪಿಂಚಣಿ ಬಂದ ಮರುದಿನ ಅವನ ಮಾತು ಮೃದುವಾಗುತ್ತದೆ. ತಂದೆ ಕೂಗಾಡುತ್ತಾರೆ, ಬೀದಿಗೆ ಕೇಳುವಂತೆ; ತಾಯಿ ಸಾಸಿವೆಯ ಡಬ್ಬಿಯ ತಳದಿಂದ ಮಡಿಸಿದ ಐನೂರರ ನೋಟನ್ನು ತೆಗೆದು, ನಿಮ್ಮಪ್ಪಂಗೆ ಹೇಳ್ಬೇಡ ಕಣೋ ಎಂದು ಅವನ ಕೈಗಿಡುತ್ತಾಳೆ. ತಂದೆಯ ಬೈಗುಳಕ್ಕೂ ಮಿತಿಯಿಲ್ಲ, ತಾಯಿಯ ಡಬ್ಬಿಗೂ ಮಿತಿಯಿಲ್ಲ. ಮಗನ ಮಟ್ಟಿಗೆ ಇವೆರಡೂ ಸೇರಿ ಒಂದು ಅನುಕೂಲವಾದ ವ್ಯವಸ್ಥೆಯೇ ಆಗಿದೆ: ಬೈಗುಳವನ್ನು ಬೆಲೆಯಾಗಿ ತೆತ್ತು ನೋಟನ್ನು ಪಡೆಯುವುದು. ಆದುದರಿಂದ ಮಗನೊಡನೆ ಮಾತನಾಡುವುದಕ್ಕೆ ಮುನ್ನ ಗಂಡಹೆಂಡಿರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಬೇಕು; ಯಾವುದನ್ನು ಕೊಡುತ್ತೇವೆ, ಯಾವುದನ್ನು ಕೊಡುವುದಿಲ್ಲ, ಕೊಡದಿದ್ದುದಕ್ಕಾಗಿ ಅವನು ಪಾತ್ರೆ ಎಸೆದರೆ ಏನು ಮಾಡುತ್ತೇವೆ. ತಾಯಿಗೆ ಒಪ್ಪಿಗೆಯಿಲ್ಲದ ನಿಯಮವನ್ನು ತಂದೆ ಸಾರಿದರೆ ಅದು ಸಾಸಿವೆಯ ಡಬ್ಬಿಯವರೆಗೂ ಬಾಳುವುದಿಲ್ಲ.

ಅನಂತರ ಅವನು ಕುಡಿಯದೆ ಇರುವ ಒಂದು ಬೆಳಗ್ಗೆ, ಕಾಫಿಯಾದ ಮೇಲೆ, ಇಬ್ಬರೂ ಕುಳಿತು ಹೇಳಬಹುದು: ‘ನೋಡಪ್ಪ, ಕೋಪದಿಂದ ಹೇಳ್ತಿಲ್ಲ. ಇನ್ನು ಮೇಲೆ ನಾನಾಗಲಿ ನಿಮ್ಮಮ್ಮನಾಗಲಿ ನಿನ್ನ ಸಾಲ ತೀರಿಸೋದಿಲ್ಲ, ಕೈಗೆ ದುಡ್ಡು ಕೊಡೋದಿಲ್ಲ, ಯಾವ ಕಾಗದಕ್ಕೂ ಸಹಿ ಹಾಕೋದಿಲ್ಲ. ಕುಡಿದು ಬಂದ ರಾತ್ರಿ ಮುಂದಿನ ರೂಮಲ್ಲಿ ಮಲಗು, ನಡುಮನೆ ಬಾಗಿಲು ಹಾಕಿರ್ತೀವಿ. ಊಟ ಯಾವತ್ತೂ ಇದ್ದೇ ಇರುತ್ತೆ. ಡಾಕ್ಟರ ಹತ್ರ ಹೋಗೋಣ ಅಂತ ನಿನಗನ್ನಿಸಿದ ದಿನ ನಾನೇ ಜೊತೆಗೆ ಬರ್ತೀನಿ.’ ಈ ಮಾತುಗಳಲ್ಲಿ ‘ನೀನು ಕುಡಿಯಕೂಡದು’ ಎಂಬ ಆಜ್ಞೆ ಎಲ್ಲಿಯೂ ಇಲ್ಲವೆಂಬುದು ಲಕ್ಷ್ಯಾರ್ಹ. ಆ ಆಜ್ಞೆಯನ್ನು ಅವನು ಅಂದೇ ಸಂಜೆ ಮುರಿಯಬಲ್ಲ, ಮುರಿದರೆ ಇವರು ಮಾಡಬಹುದಾದದ್ದು ಕೂಗಾಟವೊಂದೇ. ಕುಡಿತದ ಸಾಲವನ್ನು ನಾವು ತೀರಿಸೆವು ಎಂಬ ಮಾತನ್ನಾದರೋ ಅವನು ಮುರಿಯಲಾರ. ಅದರ ಪಾಲನೆ ಇವರ ಕೈಯಲ್ಲಿದೆ. ಬೆಳೆದ ಮಗನ ಜೀವನದ ಮೇಲೆ ಹೆತ್ತವರಿಗೆ ಅಧಿಕಾರವಿಲ್ಲ, ತಮ್ಮ ಹಣ, ಮನೆ, ನಿದ್ರೆ, ಸಹಿ ಇವುಗಳ ಮೇಲೆ ಉಂಟು, ಮತ್ತು ಎಲ್ಲೆ ಹಾಕಬಹುದಾದದ್ದು ಇರುವ ಅಧಿಕಾರದ ಮಟ್ಟಿಗೆ ಮಾತ್ರ.

ಒಮ್ಮೆ ಹೇಳಿದ ಮೇಲೆ ಮುಂದಿನ ವಾರಗಳು ಸುಖವಾಗಿರುವುದಿಲ್ಲ. ಬೇಡಿಕೆ ಮೊದಲು ಹೆಚ್ಚುತ್ತದೆ, ಧ್ವನಿ ಏರುತ್ತದೆ, ಸೋದರತ್ತೆಯಿಂದ ದೂರವಾಣಿ ಬರುತ್ತದೆ. ಉಪಾಯ ಫಲಿಸಲಿಲ್ಲವೆಂದು ಹೆತ್ತವರು ಸೋಲೊಪ್ಪುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡುಕೊಂಡ ಒಂದು ತತ್ತ್ವ ಇಲ್ಲಿ ಅನ್ವಯಿಸುತ್ತದೆ: ಪ್ರತಿ ಸಲವೂ ಫಲ ಕೊಡುತ್ತಿದ್ದ ಕ್ರಿಯೆಯು ಫಲ ನಿಂತೊಡನೆ ಬೇಗ ನಂದುತ್ತದೆ, ಎಂದೋ ಒಮ್ಮೊಮ್ಮೆ ಮಾತ್ರ ಫಲ ಕೊಡುತ್ತಿದ್ದದ್ದು ಬಹುಕಾಲ ಹಟಹಿಡಿದು ಮುಂದುವರಿಯುತ್ತದೆ. ಜೂಜಿನ ಯಂತ್ರದ ಮುಂದೆ ಮನುಷ್ಯ ಗಂಟೆಗಟ್ಟಲೆ ಕೂರುವುದು ಇದೇ ಕಾರಣದಿಂದ. ಹತ್ತು ಸಲ ಇಲ್ಲವೆಂದು ಹನ್ನೊಂದನೆಯ ಸಲ ಕೊಟ್ಟ ತಂದೆ, ತಾನು ಹತ್ತು ಸಲ ಗಟ್ಟಿಯಾಗಿದ್ದೆನೆಂದು ಭಾವಿಸುತ್ತಾನೆ. ಮಗನು ಹನ್ನೊಂದು ಸಲ ಕೇಳಬೇಕೆಂಬುದನ್ನು ಕಲಿಯುತ್ತಾನೆ. ಆದಕಾರಣ ಪಾಲಿಸಲಾಗದ ದೊಡ್ಡ ನಿಯಮಕ್ಕಿಂತ ಪಾಲಿಸಬಲ್ಲ ಚಿಕ್ಕ ನಿಯಮವೇ ಮೇಲು. ಮನೆಯಿಂದಾಚೆ ಹಾಕುವ ಧೈರ್ಯವಿಲ್ಲದವರು ಹಾಗೆಂದು ಬೆದರಿಸಲೇಬಾರದು.

ಪ್ರಸಂಗವಶಾತ್ ಒಂದು ಮಾತು. ‘ಮದುವೆಯೊಂದು ಮಾಡಿಬಿಡಿ, ಜವಾಬ್ದಾರಿ ಬಂದರೆ ಸರಿಹೋಗ್ತಾನೆ’ ಎಂದು ಸಲಹೆ ಕೊಡುವ ಬಂಧುಗಳು ಪ್ರತಿಯೊಂದು ಮನೆತನದಲ್ಲಿಯೂ ಇರುತ್ತಾರೆ. ತಾವು ಹೊರಲಾರದ ಭಾರವನ್ನು ಏನೂ ಅರಿಯದ ಪರರ ಮನೆಯ ಹೆಣ್ಣುಮಗಳ ತಲೆಗೆ, ವಿಷಯ ಮುಚ್ಚಿಟ್ಟು, ಮಂತ್ರಪೂರ್ವಕವಾಗಿ ವರ್ಗಾಯಿಸುವುದಕ್ಕೆ ವಂಚನೆಯೆನ್ನದೆ ಬೇರೆ ಹೆಸರಿಡಲು ನನ್ನಿಂದಾಗದು. ಮಗಳೇ ವ್ಯಸನಕ್ಕೆ ಸಿಲುಕಿದ ಮನೆಗಳೂ ಈಗ ಅಪರೂಪವಲ್ಲ. ಅಲ್ಲಿ ಮದುವೆಯ ಆತುರ ಇನ್ನೂ ಹೆಚ್ಚು, ಗುಟ್ಟೂ ಇನ್ನೂ ಹೆಚ್ಚು.

ಎಲ್ಲೆ ಹಾಕುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದೂ, ಅವನು ಪೂರ್ಣ ಹಾಳಾಗುವವರೆಗೆ ಕಾಯುವುದೆಂದೂ ಕೆಲವರು ತಿಳಿದಿರುತ್ತಾರೆ. ಅದು ಸರಿಯಲ್ಲವೆಂಬುದಕ್ಕೆ ಆಧಾರವುಂಟು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ರಾಬರ್ಟ್ ಮೇಯರ್ಸ್ ರೂಪಿಸಿದ ‘ಕ್ರಾಫ್ಟ್’ ಎಂಬ ಕ್ರಮದಲ್ಲಿ ತರಬೇತಿ ಕೊಡುವುದು ಕುಡುಕನಿಗಲ್ಲ, ಅವನ ಮನೆಯವರಿಗೆ: ಅವನು ಕುಡಿಯದಿರುವ ಹೊತ್ತಿನಲ್ಲಿ ಜೊತೆಗೆ ಕೂತು ಉಣ್ಣುವುದು, ಮಾತನಾಡುವುದು, ಕುಡಿದಾಗ ಜಗಳವಿಲ್ಲದೆ ಅಲ್ಲಿಂದ ಎದ್ದುಹೋಗುವುದು, ಕೆಲಸದ ಸ್ಥಳಕ್ಕೆ ‘ಅವನಿಗೆ ಜ್ವರ’ ಎಂದು ಸುಳ್ಳು ಹೇಳದೆ ಕುಡಿತದ ಫಲವನ್ನು ಅವನೇ ಕಾಣುವಂತೆ ಬಿಡುವುದು, ಅವನ ಮನಸ್ಸು ತೆರೆದ ಘಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತುವುದು. 1999ರಲ್ಲಿ ಪ್ರಕಟವಾದ, ಚಿಕಿತ್ಸೆಗೆ ಒಪ್ಪದ ಮದ್ಯವ್ಯಸನಿಗಳ 130 ಮಂದಿ ಆಪ್ತರನ್ನೊಳಗೊಂಡ ಅಧ್ಯಯನದಲ್ಲಿ, ಈ ಕ್ರಮವನ್ನು ಕಲಿತವರ ಪೈಕಿ ಶೇಕಡ 64 ಜನ ತಮ್ಮವರನ್ನು ಚಿಕಿತ್ಸೆಗೆ ತರಲು ಶಕ್ತರಾದರು. ಮನೆಮಂದಿಯೆಲ್ಲ ಸೇರಿ ಎದುರು ಕೂರಿಸಿ ಒತ್ತಾಯಿಸುವ ವಿಧಾನದಲ್ಲಿ ಆ ಪ್ರಮಾಣ 30. ಅವನನ್ನು ಅವನ ಪಾಡಿಗೆ ಬಿಟ್ಟು ತಮ್ಮ ಮನಶ್ಶಾಂತಿಯನ್ನು ಕಾಪಾಡಿಕೊಳ್ಳುವುದನ್ನು ಕಲಿಸುವ ವಿಧಾನದಲ್ಲಿ 13. ಕಡೆಯದರ ಉದ್ದೇಶವೇ ಬೇರೆಯಾದುದರಿಂದ ಅದನ್ನು ಸೋಲೆನ್ನುವುದು ನ್ಯಾಯವಾಗದು.

ಇದಕ್ಕಿಂತಲೂ ನಮಗೆ ಕುತೂಹಲಕರವಾದದ್ದು ಟೆಲ್ ಅವೀವಿನ ಮನಶ್ಶಾಸ್ತ್ರಜ್ಞ ಹೈಮ್ ಓಮರ್ ಬೆಳೆಸಿದ ಪದ್ಧತಿ. ಮೊದಲು ಉದ್ಧಟ ಬಾಲಕರ ತಂದೆತಾಯಿಗಳಿಗಾಗಿ ಹುಟ್ಟಿ, ಅನಂತರ ದುಡಿಯದೆ, ಕೋಣೆಬಿಟ್ಟು ಕದಲದೆ ಹೆತ್ತವರನ್ನು ಆಳುವ ಪ್ರಾಪ್ತವಯಸ್ಕರ ಮನೆಗಳಿಗೂ ವಿಸ್ತರಿಸಿದ ಈ ಪದ್ಧತಿಗೆ ಅವರು ಮೂಲವೆಂದು ಹೇಳುವುದು ಗಾಂಧೀಜಿಯವರ ಅಹಿಂಸಾತ್ಮಕ ಪ್ರತಿರೋಧವನ್ನು. ಹೆತ್ತವರು ತಾವು ಇನ್ನು ಏನನ್ನು ಮಾಡುವುದಿಲ್ಲವೆಂಬುದನ್ನು ಬರವಣಿಗೆಯಲ್ಲಿ ಘೋಷಿಸುತ್ತಾರೆ. ಕೆರಳಿಸಿದರೆ ಆ ಕ್ಷಣ ಉತ್ತರಿಸದೆ ಮನಸ್ಸು ತಣ್ಣಗಾದ ಮೇಲೆ ಉತ್ತರಿಸುತ್ತಾರೆ. ಮನೆಯ ಗುಟ್ಟನ್ನು ಮುರಿದು ಮಾವ, ಚಿಕ್ಕಪ್ಪ, ನಂಬಿಕೆಯ ಸ್ನೇಹಿತ ಇಂಥವರನ್ನು ಬೆಂಬಲಕ್ಕೆ ಕರೆಯುತ್ತಾರೆ. ಜೊತೆಗೆ, ಮಗನ ನಡತೆಗೆ ಪ್ರತಿಫಲವಾಗಿಯಲ್ಲದೆ, ಷರತ್ತಿಲ್ಲದೆ, ಅವನಿಗೆ ಪ್ರಿಯವಾದ ತಿಂಡಿಯನ್ನೋ ಒಂದು ಚಿತ್ರವನ್ನೋ ಅವನೆದುರು ಇಡುತ್ತಾರೆ. ಸ್ವೀಕರಿಸಿದರೂ ಸರಿ, ಬಿಟ್ಟರೂ ಸರಿ. ಸ್ವಂತ ಮಗನ ವಿಷಯದಲ್ಲಿ ಜಯ ಕಾಣದ ಒಬ್ಬ ತಂದೆಯ ರಾಜಕೀಯ ಸಾಧನವು ಎಷ್ಟೋ ದಶಕಗಳ ಮೇಲೆ ಬೇರೊಂದು ದೇಶದಲ್ಲಿ ತಂದೆತಾಯಿಗಳ ಕೈಗೆ ಬಂದಿತೆಂಬುದು ವಿಚಿತ್ರವಾದರೂ ನಿಜ. ಹರಿಲಾಲನು 1948ರ ಜೂನ್ 18ರಂದು, ತಂದೆಯ ಹತ್ಯೆಯಾದ ಐದು ತಿಂಗಳೊಳಗೆ, ಮುಂಬಯಿಯ ಆಸ್ಪತ್ರೆಯಲ್ಲಿ ಕ್ಷಯದಿಂದ ತೀರಿಕೊಂಡನು. ಎಲ್ಲೆಯು ಮಗನನ್ನು ಉಳಿಸಿಯೇ ತೀರುತ್ತದೆಂದು ಯಾರೂ ಭರವಸೆ ಕೊಡಲಾರರು.

ಕೆಲವು ಸಂದರ್ಭಗಳಲ್ಲಿ ಈ ಯಾವ ಮಾತೂ ಹಾಗೆಹಾಗೆಯೇ ಅನ್ವಯಿಸುವುದಿಲ್ಲ. ಇಲ್ಲದ ಧ್ವನಿಗಳನ್ನು ಕೇಳುವವನಿಗೆ, ಯಾರೋ ವಿಷವಿಕ್ಕುತ್ತಾರೆಂದು ನಂಬಿ ಊಟ ಬಿಟ್ಟವನಿಗೆ ಮೊದಲು ಬೇಕಾದದ್ದು ವೈದ್ಯ. ದಿನನಿತ್ಯ ವಿಪರೀತ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಕುಡಿತ ಬಿಡಿಸಲು ಹೊರಡುವುದು ಪ್ರಾಣಾಪಾಯಕರ. ಮದ್ಯ ನಿಂತ ಎರಡು ಮೂರು ದಿನಗಳೊಳಗೆ ಸೆಳವು, ಸನ್ನಿ ಬರಬಹುದು, ಅದು ಆಸ್ಪತ್ರೆಯಲ್ಲಿ ಆಗಬೇಕಾದ ಕಾರ್ಯ. ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದುಂಟಾಗುವ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮಾನಸಿಕ ಅಸ್ವಾಸ್ಥ್ಯದಲ್ಲಿಯೇ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ; ಮೊಬೈಲ್ ಮತ್ತು ಆನ್‌ಲೈನ್ ಆಟಗಳ ಗೀಳಿಗೆ 2014ರಿಂದ ಬೇರೊಂದು ಚಿಕಿತ್ಸಾಲಯವೂ ಇದೆ; ಧಾರವಾಡದ ಡಿಮ್ಹಾನ್ಸ್ ಉತ್ತರದ ಜಿಲ್ಲೆಗಳವರಿಗೆ ಸಮೀಪ. 2022ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಹೆತ್ತವರೂ ಕರೆಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ‘ದುಡ್ಡು ಕೊಡದಿದ್ದರೆ ಸಾಯ್ತೀನಿ’ ಎಂದವನ ಮಾತನ್ನು ನಾಟಕವೆಂದು ತಳ್ಳಿಹಾಕಲೂಬಾರದು, ಅದಕ್ಕೆ ಹಣವನ್ನು ಉತ್ತರವಾಗಿ ಕೊಡಲೂಬಾರದು; ಅವನನ್ನು ಒಂಟಿಯಾಗಿ ಬಿಡದೆ ಆ ಸಂಖ್ಯೆಗೆ ಕರೆಮಾಡಬೇಕು, ಆಸ್ಪತ್ರೆಗೆ ಕರೆದೊಯ್ಯಬೇಕು. ಕೈಯೆತ್ತಿದನೆಂದರೆ 112.

ಸ್ವತ್ತಿನ ವಿಷಯದಲ್ಲಿ ಹಿರಿಯರು ಅವಸರಪಡಬಾರದು. ಮಗನ ಮನಸ್ಸು ಸುಧಾರಿಸಲೆಂದು ಮನೆಯನ್ನು ದಾನಪತ್ರದ ಮೂಲಕ ಅವನ ಹೆಸರಿಗೆ ಬರೆದುಕೊಟ್ಟವರು, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೆಯ ಪ್ರಕರಣದಂತೆ, ನೋಡಿಕೊಳ್ಳುವ ಷರತ್ತನ್ನು ಮಗ ಮುರಿದನೆಂದು ತೋರಿಸಿ ಅದನ್ನು ರದ್ದುಪಡಿಸಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿ ಇಂಥ ಅರ್ಜಿಗಳನ್ನು ವಿಚಾರಿಸುತ್ತದೆ. ಆದರೆ ಅಂಥ ಷರತ್ತು ಇದ್ದೇ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರ ತೀರ್ಪೊಂದರಲ್ಲಿ ಕಾಯ್ದೆಯನ್ನು ಹಿರಿಯರ ಹಿತಕ್ಕೆ ಉದಾರವಾಗಿ ಅರ್ಥೈಸಬೇಕೆಂದಿತು. ನೋಂದಣಿಯ ದಿನವೇ ಆ ಒಂದು ವಾಕ್ಯವನ್ನು ಪತ್ರದಲ್ಲಿ ಬರೆಯಿಸುವುದು ಅನಂತರ ಕಚೇರಿಗಳನ್ನು ಅಲೆಯುವುದಕ್ಕಿಂತ ಲೇಸು. ಹೆತ್ತವರ ಸ್ವಯಾರ್ಜಿತ ಮನೆಯಲ್ಲಿ ಬೆಳೆದ ಮಗನು ಇರುವುದು ಅವರ ಕೃಪೆಯಿಂದಲೇ ಹೊರತು ಹಕ್ಕಿನಿಂದಲ್ಲವೆಂದು ದೆಹಲಿಯ ಉಚ್ಚ ನ್ಯಾಯಾಲಯ 2016ರಲ್ಲಿಯೇ ತೀರ್ಮಾನಿಸಿದೆ. ಸೊಸೆಯ ಪ್ರಶ್ನೆ ಬೇರೆ. ಮಗನ ಮೇಲಿನ ಸಿಟ್ಟಿಗೆ ಸೊಸೆಯನ್ನು ಮನೆಯಿಂದ ಹೊರಡಿಸಲು ಹಿರಿಯರ ಕಾಯ್ದೆಯನ್ನು ಆಯುಧವಾಗಿಸಿಕೊಳ್ಳುವಂತಿಲ್ಲವೆಂದು, ಬೆಂಗಳೂರಿನ ಮೊಕದ್ದಮೆಯೊಂದರಲ್ಲಿ, 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು.

ಕೊನೆಗೆ ಎದುರಾಗುವ ಕಠಿಣ ಪ್ರಶ್ನೆಯೆಂದರೆ, ಆರು ತಿಂಗಳು ಕುಡಿಯದೆ ಇದ್ದ ಮಗನು ಒಂದು ದಿನ ಬಂದು, ‘ಅಪ್ಪ, ಮೊಬೈಲ್ ರಿಪೇರಿ ಅಂಗಡಿ ಇಡ್ತೀನಿ, ಒಂದು ಲಕ್ಷ ಬೇಕು’ ಎನ್ನುವುದು. ಈ ಮಾತು ನಿಜವಾಗಿರಬಹುದು. ಅಂದೇ ಒಪ್ಪಬೇಕಾಗಿಲ್ಲ, ಅಂದೇ ನಿರಾಕರಿಸಬೇಕಾಗಿಯೂ ಇಲ್ಲ; ನಾನೂ ನಿಮ್ಮಮ್ಮನೂ ಮಾತಾಡಿ ಮುಂದಿನ ವಾರ ಹೇಳ್ತೀವಿ ಎಂದರೆ ಸಾಕು. ಕೊಡಬೇಕೆನಿಸಿದರೆ ಕೆಲಸ ಕಲಿಸುವ ಸಂಸ್ಥೆಯ ಶುಲ್ಕವನ್ನು ಸಂಸ್ಥೆಗೇ ಕಟ್ಟಬಹುದು, ಮಳಿಗೆಯ ಬಾಡಿಗೆಯನ್ನು ಮೂರು ತಿಂಗಳ ಮಟ್ಟಿಗೆ ಮಾಲೀಕನಿಗೇ ಕೊಡಬಹುದು, ಉಪಕರಣಗಳನ್ನು ತಾವೇ ಜೊತೆಗೆ ಹೋಗಿ ಕೊಂಡು ರಸೀದಿ ಇಟ್ಟುಕೊಳ್ಳಬಹುದು. ನಗದು ಮತ್ತು ಜಾಮೀನಿನ ಸಹಿ ಮಾತ್ರ ಇನ್ನೂ ಒಂದೆರಡು ವರ್ಷ ಕಾಯಲಿ.